ಗ್ಯಾಂಬಲ್ ಹೌಸ್: ಗ್ರೀನ್ ಸೋದರರ ಮನೆಯಲ್ಲಿ ಕಾಣುವುದು, ಕಾಣದಿರುವುದು

ಕ್ಯಾಲಿಫೋರ್ನಿಯದ ಪ್ಯಾಸಡೀನ ನಗರದಲ್ಲಿ ವೆಸ್ಟ್‌ಮೋರ್‌ಲ್ಯಾಂಡ್ ಪ್ಲೇಸ್ ಎಂಬ ಪುಟ್ಟ ರಸ್ತೆಯ 4ನೇ ನಂಬರಿನ ಮನೆಯೇ ಗ್ಯಾಂಬಲ್ ಹೌಸ್. ಚಾರ್ಲ್ಸ್ ಸಮ್ನರ್ ಗ್ರೀನ್ ಮತ್ತು ಹೆನ್ರಿ ಮೇದರ್ ಗ್ರೀನ್ ಎಂಬ ಅಣ್ಣತಮ್ಮಂದಿರು 1908ರಲ್ಲಿ ಡೇವಿಡ್ ಮತ್ತು ಮೇರಿ ಗ್ಯಾಂಬಲ್ ದಂಪತಿಗಾಗಿ ವಿನ್ಯಾಸ ಮಾಡಿದ ಈ ಮನೆ ಇಂದು ವಸ್ತುಸಂಗ್ರಹಾಲಯವಾಗಿದೆ. ಟಿಕೆಟ್ ಪಡೆದವರನ್ನು ಚಿಕ್ಕ ಚಿಕ್ಕ ಗುಂಪುಗಳಲ್ಲಿ ಮಾರ್ಗದರ್ಶಕರು ಸುಮಾರು ಒಂದು ಗಂಟೆಯ ಕಾಲ ಕೋಣೆಯಿಂದ ಕೋಣೆಗೆ ಕರೆದೊಯ್ಯುತ್ತಾರೆ. ಆ ವೀಕ್ಷಣೆಯ ಬಗ್ಗೆ, ಮತ್ತು ಅದಕ್ಕೆ ಹೊಂದಿಕೊಂಡಂತೆ ಸುತ್ತಲಿನ ಬೀದಿಗಳಲ್ಲಿ ನೋಡಬಹುದಾದ ಗ್ರೀನ್ ಸೋದರರ ಇತರ ಕಟ್ಟಡಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಟ್ಟಡಗಳಲ್ಲಾಗಲಿ ಮರಗೆಲಸದಲ್ಲಾಗಲಿ ಸ್ವಲ್ಪವಾದರೂ ಆಸಕ್ತಿಯಿದ್ದವರು ಈ ಮನೆಯನ್ನು ನೋಡಲೇಬೇಕು. ಆದರೆ ಅದರ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ತೊಲೆ, ಜಂತಿ, ಸಂದು ಎಲ್ಲವನ್ನೂ ಬಿಚ್ಚಿ ತೋರಿಸುವ ಪ್ರಾಮಾಣಿಕ ಮನೆ ಎಂಬುದು ಅವರ ಮಾತು. ನನಗೆ ಕಂಡ ಮಟ್ಟಿಗೆ, ಈ ಮನೆಯ ನಿಜವಾದ ಜಾಣ್ಮೆ ಇರುವುದು ಅದು ಏನನ್ನು ಮುಚ್ಚಿಟ್ಟಿದೆ ಎಂಬುದರಲ್ಲಿ.

ಸೋದರರ ಹಿನ್ನೆಲೆ ಸ್ವಲ್ಪ ತಿಳಿದಿದ್ದರೆ ಮನೆ ಹೆಚ್ಚು ಅರ್ಥವಾಗುತ್ತದೆ. ಚಾರ್ಲ್ಸ್ ಹುಟ್ಟಿದ್ದು 1868ರಲ್ಲಿ, ಹೆನ್ರಿ 1870ರಲ್ಲಿ, ಒಹಾಯೊ ರಾಜ್ಯದ ಸಿನ್ಸಿನಾಟಿಗೆ ಸೇರಿದ ಬ್ರೈಟನ್ನಿನಲ್ಲಿ. ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಕೈಗೆಲಸದ ಶಾಲೆಯಲ್ಲಿ ಇಬ್ಬರೂ ಓದಿದರು. ಪಾಠದ ಜೊತೆಗೆ ಮರಗೆಲಸ, ಲೋಹಗೆಲಸ ಮತ್ತು ಉಪಕರಣಗಳ ಬಳಕೆಯನ್ನೂ ಕಲಿಸಬೇಕೆಂಬ ಹಟದಿಂದ ಕ್ಯಾಲ್ವಿನ್ ವುಡ್‌ವರ್ಡ್ ಕಟ್ಟಿದ ಶಾಲೆ ಅದು. ಮುಂದೆ ಎಂ.ಐ.ಟಿ.ಯಲ್ಲಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ವಾಸ್ತುಶಿಲ್ಪದ ಎರಡು ವರ್ಷದ ಶಿಕ್ಷಣವನ್ನು 1891ರಲ್ಲಿ ಮುಗಿಸಿ, ಬಾಸ್ಟನ್ನಿನ ಕಚೇರಿಗಳಲ್ಲಿ ಕೆಲವು ಕಾಲ ಕೆಲಸ ಮಾಡಿ, 1893ರಲ್ಲಿ ತಂದೆತಾಯಿ ನೆಲೆಸಿದ್ದ ಪ್ಯಾಸಡೀನಕ್ಕೆ ಹೊರಟರು. ದಾರಿಯಲ್ಲಿ ಷಿಕಾಗೊದ ವಿಶ್ವಮೇಳವನ್ನು ನೋಡಿದರು; ಅಲ್ಲಿ ಜಪಾನ್ ದೇಶದ ಪರವಾಗಿ ನಿಂತಿದ್ದ ಹೋ-ಓ-ಡೆನ್ ಮಂಟಪ ಅವರ ಕಣ್ಣಿಗೆ ಬಿತ್ತು. 1894ರಲ್ಲಿ ಸ್ವಂತ ಕಚೇರಿ ತೆರೆದರೂ ಮೊದಲ ಏಳೆಂಟು ವರ್ಷ ಅವರು ಕಟ್ಟಿದ್ದು ಗಿರಾಕಿ ಕೇಳಿದ ಶೈಲಿಯ ಮನೆಗಳನ್ನೇ. ಅವುಗಳಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಬದಲಾವಣೆ ಕಾಣತೊಡಗುವುದು 1902ರ ನಂತರ. 1907ರಿಂದ 1909ರ ನಡುವೆ ಬ್ಲ್ಯಾಕರ್, ಗ್ಯಾಂಬಲ್, ಪ್ರ್ಯಾಟ್ ಮತ್ತು ಥಾರ್ಸನ್ ಮನೆಗಳು ಒಂದರ ಹಿಂದೊಂದು ಬಂದವು. ಇಡೀ ಪಾಲುದಾರಿಕೆಯ ಕೀರ್ತಿ ನಿಂತಿರುವುದು ಆ ಎರಡು ಮೂರು ವರ್ಷಗಳ ಮೇಲೆ ಎಂದರೆ ಅತಿಶಯೋಕ್ತಿಯಲ್ಲ.

ಡೇವಿಡ್ ಗ್ಯಾಂಬಲ್ ಸಾಬೂನಿಗೆ ಹೆಸರಾದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯ ಎರಡನೆಯ ತಲೆಮಾರಿನವರು. ನಡುಪಶ್ಚಿಮದ ಚಳಿಗೆ ಬೇಸತ್ತ ಸಿರಿವಂತರು ಆ ಕಾಲದಲ್ಲಿ ರೈಲು ಹತ್ತಿ ಚಳಿಗಾಲಕ್ಕೆ ಪ್ಯಾಸಡೀನಕ್ಕೆ ಬರುತ್ತಿದ್ದರು. ಮೊದಲು ಹೋಟೆಲಿನಲ್ಲಿ ಉಳಿದು, ಊರು ಹಿಡಿಸಿದ ಮೇಲೆ ಜಾಗ ಕೊಂಡು ಮನೆ ಕಟ್ಟಿಸುತ್ತಿದ್ದರು. ಸಿನ್ಸಿನಾಟಿಯ ಈ ದಂಪತಿ ಆರಿಸಿಕೊಂಡದ್ದು ಸಿನ್ಸಿನಾಟಿಯಲ್ಲೇ ಹುಟ್ಟಿದ ವಾಸ್ತುಶಿಲ್ಪಿಗಳನ್ನು ಎಂಬುದು ಕಾಕತಾಳೀಯವಾದರೂ ಸ್ವಾರಸ್ಯಕರವೇ. 1908ರ ಮಾರ್ಚ್‌ನಲ್ಲಿ ಕೆಲಸ ಆರಂಭವಾಗಿ ಹತ್ತು ತಿಂಗಳ ಆಸುಪಾಸಿನಲ್ಲಿ ಕಟ್ಟಡ ಎದ್ದು ನಿಂತಿತು. ಪೀಠೋಪಕರಣಗಳೆಲ್ಲ ಬಂದು ಸೇರಿದಾಗ 1910 ಆಗಿತ್ತು. ಒಳಗಿನ ಕೆಲಸವನ್ನು ಕಣ್ಣಾರೆ ಕಂಡ ಮೇಲೆ ಈ ಹತ್ತು ತಿಂಗಳ ಲೆಕ್ಕವನ್ನು ನಂಬಲು ಸ್ವಲ್ಪ ಕಷ್ಟವೇ ಆಗುತ್ತದೆ.

ಟಿಕೆಟ್ ವೇಳೆಗೆ ಸ್ವಲ್ಪ ಮೊದಲೇ ಹೋಗಿ ಮನೆಯನ್ನು ಹೊರಗಿನಿಂದ ಸುತ್ತಿ ನೋಡುವುದು ಲೇಸು. ಒಳಗಿನ ಒಂದು ಗಂಟೆ ಒಳಗಿನದಕ್ಕೇ ಸಾಲದು. ದೂರದಿಂದ ಕಾಣುವುದು ಸೀಳಿದ ರೆಡ್‌ವುಡ್ ಹಲಗೆಗಳನ್ನು ಒಂದರ ಮೇಲೊಂದು ಹೊದಿಸಿದ ಹಸಿರು ಛಾಯೆಯ ಗೋಡೆ, ಇಳಿಜಾರು ಕಡಮೆಯಿರುವ ಚಾವಣಿ, ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ಸೂರನ್ನೂ ದಾಟಿ ಹೊರಗೆ ಇಣುಕುವ ಜಂತಿಗಳ ತುದಿ. ಹತ್ತಿರ ಹೋದರೆ ಆ ತುದಿಗಳ ಅಂಚನ್ನೆಲ್ಲ ಉಜ್ಜಿ ದುಂಡಗೆ ಮಾಡಿರುವುದು ತಿಳಿಯುತ್ತದೆ. ಇಡೀ ಮನೆಯಲ್ಲಿ ಚೂಪಾದ ಅಂಚೊಂದನ್ನು ಹುಡುಕುವುದೇ ಕಷ್ಟ. ಹಿಂಬದಿಯ ಜಗಲಿ ಪಶ್ಚಿಮಕ್ಕೆ, ಆರೊಯೊ ಸೆಕೊ ಎಂಬ ಹಳ್ಳದ ಕಡೆಗೆ ತೆರೆದುಕೊಂಡಿದೆ. ಅದರ ತಡೆಗೋಡೆಗಳನ್ನು ಕಟ್ಟಿರುವುದು ಹಳ್ಳದ ಉರುಟು ಗುಂಡುಕಲ್ಲು ಮತ್ತು ಕ್ಲಿಂಕರ್ ಇಟ್ಟಿಗೆಗಳಿಂದ. ಕ್ಲಿಂಕರ್ ಎಂದರೆ ಗೂಡಿನಲ್ಲಿ ಬೆಂಕಿಗೆ ತೀರಾ ಹತ್ತಿರವಿದ್ದು, ಅತಿಯಾಗಿ ಬೆಂದು, ಕಪ್ಪಾಗಿ ಸೊಟ್ಟಗಾದ ಇಟ್ಟಿಗೆ. ಬೇರೆಯವರು ಬಿಸಾಡುತ್ತಿದ್ದ ಸರಕು. ಇಂಥದ್ದನ್ನು ಆರಿಸಿ ತಂದು ಗುಂಡುಕಲ್ಲಿನ ನಡುವೆ ಸೇರಿಸಿ, ಗೋಡೆ ನೆಲದಿಂದಲೇ ಮೇಲೆದ್ದು ಬಂದಂತೆ ಕಾಣಿಸುವುದು ಗ್ರೀನ್ ಸೋದರರ ಕೆಲಸದ ಒಂದು ಗುರುತು.

ಹೊರಗಿರುವಾಗಲೇ ಒಂದು ಆಕ್ಷೇಪವನ್ನೂ ಹೇಳಿಬಿಡಬೇಕು. ಜಂತಿಯ ತುದಿಯನ್ನು ಚಾವಣಿಯ ರಕ್ಷಣೆಯಿಂದ ಆಚೆಗೆ ಬಿಡುವುದು ನೋಡಲು ಎಷ್ಟು ಚೆಂದವೋ ಮರದ ಆಯುಷ್ಯಕ್ಕೆ ಅಷ್ಟೇ ಕೆಡುಕು. ಮರದ ಕಡಿದ ತುದಿ ನೀರನ್ನು ಹೀರುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಬಿರಿದಲ್ಲಿ ಮತ್ತೆ ನೀರು ಇಳಿದು ಒಳಗಿನಿಂದ ಕೊಳೆಯುತ್ತದೆ. ಪ್ಯಾಸಡೀನದಲ್ಲಿ ಮಳೆ ಕಡಮೆ ಎಂಬ ಧೈರ್ಯದಿಂದ ಹೀಗೆ ಮಾಡಿದ್ದರೂ, 2003–04ರಲ್ಲಿ ಮನೆಯ ಹೊರಭಾಗವನ್ನು ದೊಡ್ಡ ಪ್ರಮಾಣದಲ್ಲಿ ದುರಸ್ತಿ ಮಾಡಬೇಕಾಗಿ ಬಂದಾಗ ಹೆಚ್ಚು ಕೆಲಸ ಕೇಳಿದವುಗಳಲ್ಲಿ ಈ ತುದಿಗಳೂ ಸೇರಿದ್ದವು. ಒಬ್ಬ ಸಾಮಾನ್ಯ ಮನೆಯ ಯಜಮಾನ ಇಂಥ ಸೂರನ್ನು ನಿಭಾಯಿಸಬಲ್ಲನೇ ಎಂದು ಕೇಳಿದರೆ, ಖಂಡಿತ ಇಲ್ಲ.

ಮುಂಬಾಗಿಲಿನ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನೂ ಬರೆಯದೆ ಇರಲಾರೆ. ತೇಗದ ಅಗಲವಾದ ಬಾಗಿಲು, ಅದರ ಎರಡೂ ಪಕ್ಕಕ್ಕೆ ಕಿರುಬಾಗಿಲುಗಳು, ಮೇಲೆ ಅಡ್ಡ ಗಾಜಿನ ಸಾಲು; ಇಷ್ಟನ್ನೂ ಆವರಿಸಿ ಓಕ್ ಮರವೊಂದು ಕೊಂಬೆ ಚಾಚಿ ನಿಂತಿರುವ ಬಣ್ಣದ ಗಾಜಿನ ಚಿತ್ರ. ಗಾಜಿನ ಕೆಲಸ ಎಮಿಲ್ ಲಾಂಗೆ ಅವರದು. ಹೊರಗಿನಿಂದ ನೋಡಿದರೆ ಅದು ಮಂಕಾದ ಕಂದು ಗಾಜು, ಅಷ್ಟೆ. ಒಳಗೆ ಕಾಲಿಟ್ಟು ತಿರುಗಿ ನೋಡಿದಾಗ ಮಾತ್ರ ಮರಕ್ಕೆ ಜೀವ ಬರುತ್ತದೆ. ಚಿತ್ರದ ಕಾಂಡವೂ ಕೊಂಬೆಗಳೂ ಬಾಗಿಲಿನ ಚೌಕಟ್ಟುಗಳನ್ನು ಲೆಕ್ಕಿಸದೆ ಒಂದು ಹಲಗೆಯಿಂದ ಇನ್ನೊಂದಕ್ಕೆ ಹರಿಯುತ್ತವೆ. ಹೀಗಾಗಿ ಗಾಜಿನವನು, ಬಡಗಿ, ಚಿತ್ರ ಬರೆದವನು ಮೂವರೂ ಮೊದಲೇ ಕೂತು ಅಳತೆಗಳನ್ನು ಹೊಂದಿಸಿಕೊಳ್ಳದೆ ಇದು ಸಾಧ್ಯವೇ ಇರಲಿಲ್ಲ.

ನಡುಮನೆ ಪೂರ್ತಿ ಬರ್ಮಾ ತೇಗ. ಅಲ್ಲಿಂದ ಮೇಲೇರುವ ಮೆಟ್ಟಿಲ ಸಾಲಿನ ಮುಂದೆ ಎಷ್ಟು ಹೊತ್ತು ನಿಂತರೂ ಸಾಲದು. ಪಕ್ಕದ ಕೈಹಿಡಿ ಓರೆಯಾಗಿ ಜಾರುವುದಿಲ್ಲ. ಮೆಟ್ಟಿಲಿನ ಜೊತೆ ತಾನೂ ಹಂತ ಹಂತವಾಗಿ ಏರುತ್ತದೆ, ಪ್ರತಿ ಹಂತದ ತಿರುವೂ ಮೆತ್ತಗೆ ದುಂಡಾಗಿದೆ. ಅಡ್ಡ ಗೆರೆಯೊಂದು ಸ್ವಲ್ಪ ದೂರ ಸಾಗಿ, ಎರಡು ಚಿಕ್ಕ ಬಾಗುಗಳಲ್ಲಿ ಮೇಲೆದ್ದು, ಮತ್ತೆ ಅಡ್ಡಲಾಗಿ ಸಾಗುವ ಈ ಆಕಾರವನ್ನು ಇಂದಿನ ಮರಗೆಲಸದವರು ಕ್ಲೌಡ್ ಲಿಫ್ಟ್ ಎನ್ನುತ್ತಾರೆ. ಚೀನಾದ ಪೀಠೋಪಕರಣಗಳ ಅಲಂಕಾರದಿಂದ ಬಂದ ಈ ಗೆರೆ ಒಮ್ಮೆ ಗುರುತು ಸಿಕ್ಕ ಮೇಲೆ ಮನೆಯಲ್ಲೆಲ್ಲ ಕಾಣಿಸುತ್ತದೆ: ಕುರ್ಚಿಯ ಅಡ್ಡಪಟ್ಟಿಯಲ್ಲಿ, ಕಿಟಕಿಯ ಚೌಕಟ್ಟಿನಲ್ಲಿ, ಬಾಗಿಲಿನ ಪಟ್ಟಿಯಲ್ಲಿ.

ಇಲ್ಲಿಂದ ನನ್ನ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೆಟ್ಟಿಲಿನಲ್ಲೂ ಮೇಜಿನಲ್ಲೂ ಬಾಗಿಲಿನಲ್ಲೂ ಎರಡು ಮರಗಳು ಸೇರುವ ಕಡೆಯಲ್ಲೆಲ್ಲ ಕಪ್ಪು ಎಬೊನಿ ಮರದ ಚೌಕಾಕಾರದ ಗೂಟಗಳಿವೆ. ಅವು ಮೇಲ್ಮೈಗೆ ಸಮವಾಗಿಲ್ಲ. ಕೂದಲೆಳೆಯಷ್ಟು ಉಬ್ಬಿಕೊಂಡು, ಅಂಚುಗಳು ದಿಂಬಿನಂತೆ ಮೆತ್ತಗಾಗಿ, ಬೆಳಕು ಬಿದ್ದಾಗ ಮಿನುಗುತ್ತವೆ. ಎಲ್ಲವೂ ಒಂದೇ ಅಳತೆಯವೂ ಅಲ್ಲ. ಒಂದೇ ಕುರ್ಚಿಯಲ್ಲಿ ದೊಡ್ಡದು, ಸಣ್ಣದು, ತೀರಾ ಪುಟ್ಟದು ಒಂದಕ್ಕೊಂದು ಪಕ್ಕದಲ್ಲಿ, ಯಾರೋ ಲಯಕ್ಕೆ ತಾಳ ಹಾಕಿದಂತೆ ಜೋಡಣೆಯಾಗಿರುತ್ತವೆ. ನೋಡಿದವರು ಸಹಜವಾಗಿಯೇ ಅಂದುಕೊಳ್ಳುವುದೇನೆಂದರೆ, ಲೋಹದ ಮೊಳೆಯನ್ನೇ ಬಳಸದೆ ಬರೀ ಮರದ ಗೂಟದಿಂದ ಸಂದುಗಳನ್ನು ಬಿಗಿದಿದ್ದಾರೆ ಎಂದು. ನಿಜ ಸಂಗತಿ ಬೇರೆ. ಬಹಳಷ್ಟು ಕಡೆ ಆ ಗೂಟ ಒಂದು ಮುಚ್ಚಳ ಮಾತ್ರ. ಅದರ ಹಿಂದೆ ಸ್ಕ್ರೂ ಇದೆ.

ಇದನ್ನು ಕೇಳಿದ ಕೂಡಲೇ ಮೋಸ ಎನ್ನಿಸಬಹುದು. ಆದರೆ ಸ್ಕ್ರೂ ಯಾಕೆ ಬೇಕಾಯಿತು ಎಂದು ಕೇಳಿದರೆ ಮೆಚ್ಚುಗೆ ಹೆಚ್ಚುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಬಿಗಿಯಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಾಳಿಯಲ್ಲಿ ತೇವ ಹೆಚ್ಚಿದಾಗ ಹಲಗೆ ಅಗಲದ ದಿಕ್ಕಿನಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಉದ್ದದ ದಿಕ್ಕಿನಲ್ಲಿ ಮಾತ್ರ ಹೆಚ್ಚು ಕದಲುವುದಿಲ್ಲ. ಮೇಜಿನ ಮೇಲ್ಹಲಗೆ ಡೊಂಕಾಗದಿರಲೆಂದು ಅದರ ತುದಿಗೆ ಅಡ್ಡಲಾಗಿ ಇನ್ನೊಂದು ಪಟ್ಟಿ ಕೂಡಿಸುತ್ತಾರೆ. ಆ ಪಟ್ಟಿಯನ್ನು ಉದ್ದಕ್ಕೂ ಅಂಟು ಹಾಕಿ ಭದ್ರ ಮಾಡಿದರೆ, ಹಲಗೆ ಕುಗ್ಗುವಾಗ ಪಟ್ಟಿ ಬಿಡುವುದಿಲ್ಲ. ಕೊನೆಗೆ ಹಲಗೆಯೇ ಸೀಳುತ್ತದೆ. ಗ್ರೀನ್ ಸೋದರರ ಬಡಗಿಗಳು ಪಟ್ಟಿಯಲ್ಲಿ ಉದ್ದನೆಯ ತೂತು ಕೊರೆದು ಅದರೊಳಗೆ ಸ್ಕ್ರೂ ಕೂರಿಸಿದರು. ಹಲಗೆ ಹಿಗ್ಗಿ ಕುಗ್ಗಿದಾಗ ಸ್ಕ್ರೂ ಆ ತೂತಿನಲ್ಲಿ ಅತ್ತಿತ್ತ ಸರಿದಾಡುತ್ತದೆ, ಏನೂ ಸೀಳುವುದಿಲ್ಲ. ಮೇಲಿನಿಂದ ಎಬೊನಿ ಗೂಟ ತೂತನ್ನು ಮುಚ್ಚುತ್ತದೆ. ನೂರು ವರ್ಷ ದಾಟಿಯೂ ಈ ಮೇಜುಗಳು ಬಿರುಕಿಲ್ಲದೆ ನಿಂತಿರುವುದಕ್ಕೆ ಕಾರಣ ಕಣ್ಣಿಗೆ ಕಾಣುವ ಗೂಟವಲ್ಲ, ಅದರ ಹಿಂದಿರುವ ಸಡಿಲ. ನೀವು ಹೋದಾಗ ಮಾರ್ಗದರ್ಶಕರನ್ನು ಈ ಒಂದು ಪ್ರಶ್ನೆ ಕೇಳಲು ಮರೆಯಬೇಡಿ: ಈ ಗೂಟದ ಹಿಂದೆ ಏನಿದೆ? ಉತ್ತರ ಬಂದ ಮೇಲೆ ಉಳಿದ ಕೋಣೆಗಳನ್ನು ನೋಡುವ ರೀತಿಯೇ ಬದಲಾಗುತ್ತದೆ.

ಬೈಠಕ್‌ಖಾನೆಯಲ್ಲಿ ಅಗ್ಗಿಷ್ಟಿಕೆಯ ಸುತ್ತ ಒಳಕ್ಕೆ ಸರಿದ ಮೂಲೆಯೊಂದಿದ್ದು, ಎರಡೂ ಕಡೆ ಗೋಡೆಗೇ ಸೇರಿದ ಆಸನಗಳಿವೆ. ಮೇಲೆ ಗೋಡೆಯ ಸುತ್ತಲೂ ರೆಡ್‌ವುಡ್‌ನಲ್ಲಿ ಕೊರೆದ ಗಿಡ, ಬಳ್ಳಿ, ಹಕ್ಕಿಗಳ ಪಟ್ಟಿ. ಕೆತ್ತನೆ ಆಳವಾಗಿಲ್ಲ, ಮರದ ಎಳೆಯನ್ನೇ ಮೋಡ, ನೀರು, ಬೆಟ್ಟವಾಗಿ ಬಳಸಿಕೊಂಡು, ಬೇಕಾದಷ್ಟು ಮಾತ್ರ ಉಳಿ ಆಡಿಸಿದ್ದಾರೆ. ಇಲ್ಲಿಯ ಜಮಖಾನೆಗಳ ವಿನ್ಯಾಸವನ್ನು ಚಾರ್ಲ್ಸ್ ಜಲವರ್ಣದಲ್ಲಿ ಬರೆದು, ಬೊಹೀಮಿಯಾದಲ್ಲಿ ನೇಯಿಸಿ ತರಿಸಿದರು. ದೀಪ, ಕುರ್ಚಿ, ಅಗ್ಗಿಷ್ಟಿಕೆಯ ಉಪಕರಣ ಎಲ್ಲವೂ ಇದೇ ಮನೆಗೆಂದು ಮಾಡಿದವು. ಜಪಾನಿನ ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಬರುವ ತ್ಸುಬಾ ಎಂಬ ಬಿಲ್ಲೆಯ ಆಕಾರ, ಮತ್ತು ಗ್ಯಾಂಬಲ್ ಮನೆತನದ ಲಾಂಛನದ ಕೊಕ್ಕರೆ ಹಾಗೂ ಗುಲಾಬಿ ಅಲ್ಲಲ್ಲಿ ಹಣಕಿ ಹಾಕುತ್ತವೆ. ಸೋದರರಿಬ್ಬರೂ ಜಪಾನಿಗೆ ಎಂದೂ ಹೋದವರಲ್ಲ. ಪುಸ್ತಕ, ಫೋಟೊ, ಮೇಳಗಳ ಮಂಟಪ ಇವುಗಳಿಂದಲೇ ಅವರು ಕಲಿತದ್ದು. ಬಹುಶಃ ಅದರಿಂದಲೇ ಈ ಮನೆ ಜಪಾನೀ ಮನೆಯ ನಕಲಾಗಲಿಲ್ಲ.

ಊಟದ ಕೋಣೆಯ ಮಹಾಗನಿಯನ್ನು ಮೆಚ್ಚಿ ಮುಂದೆ ಸಾಗುವವರು ಅಡುಗೆಮನೆಯ ಬಳಿ ಮಾತ್ರ ಅವಸರ ಮಾಡಬಾರದು. ಮೇಪಲ್ ಮರದ ಕಪಾಟು, ಕಟ್ಟೆ, ಬಿಳಿ ಟೈಲ್‌ಗಳ ಈ ಕೋಣೆಗೆ ಮನೆಯೊಡತಿಯೂ ಅತಿಥಿಗಳೂ ಬರುತ್ತಿದ್ದುದು ಅಪರೂಪ, ದುಡಿಯುತ್ತಿದ್ದವರು ಕೆಲಸದವರು. ಹಾಗಿದ್ದೂ ಡ್ರಾಯರಿನ ಹಿಡಿಯಿಂದ ಹಿಡಿದು ಮೇಜಿನ ಅಂಚಿನವರೆಗೆ ಅದೇ ಎಚ್ಚರದ ಕೆಲಸ ಇಲ್ಲಿಯೂ ಇದೆ. ಇಲ್ಲದಿರುವುದು ಅಲಂಕಾರ ಮಾತ್ರ. ಬೇರೆ ಶ್ರೀಮಂತ ಮನೆಗಳಲ್ಲಿ ಬೈಠಕ್‌ಖಾನೆ ದಾಟುತ್ತಿದ್ದಂತೆ ಕೆಲಸದ ಗುಣಮಟ್ಟ ಕುಸಿಯುವುದನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ. ನನಗಂತೂ ಇಡೀ ಮನೆಯಲ್ಲಿ ಅತ್ಯಂತ ಹಿಡಿಸಿದ ಕೋಣೆ ಇದೇ.

ಮಹಡಿಯ ಕೋಣೆಗಳಲ್ಲಿ ಪೋರ್ಟ್ ಆರ್ಫರ್ಡ್ ಸೀಡರ್ ಮರ, ದಂಪತಿಯ ಕೋಣೆಯಲ್ಲಿ ಕಪ್ಪು ವಾಲ್‌ನಟ್‌ನ ಪೀಠೋಪಕರಣಗಳು. ಮೇರಿಯವರ ತಂಗಿ ಜೂಲಿಯಾ ಹಗಿನ್ಸ್ ಅವರಿಗೂ ಇಲ್ಲೊಂದು ಕೋಣೆಯಿತ್ತು. ಮಲಗುವ ಕೋಣೆಗಳಿಗೆ ಹೊಂದಿಕೊಂಡು ಮೂರು ತೆರೆದ ಮೊಗಸಾಲೆಗಳಿದ್ದು, ರಾತ್ರಿ ಹೊರಗಾಳಿಯಲ್ಲಿ ಮಲಗುವುದು ಆರೋಗ್ಯಕ್ಕೆ ಒಳ್ಳೆಯದೆಂಬ, ಕ್ಷಯದ ಭಯ ಮನೆಮನೆಯಲ್ಲೂ ಇದ್ದ ಆ ಕಾಲದ ನಂಬಿಕೆ ಅವುಗಳ ಹಿಂದಿದೆ. ಸೂರು ಅಷ್ಟು ಮುಂದಕ್ಕೆ ಚಾಚಿರುವುದು ಈ ಮೊಗಸಾಲೆಗಳಿಗೂ ಕೆಳಗಿನ ಜಗಲಿಗಳಿಗೂ ನೆರಳಾಗಲೆಂದು; ಬೇಸಗೆಯಲ್ಲಿ ಒಳಗೆ ತಂಪಾಗಿರುವುದೂ ಅದರಿಂದಲೇ. ಮೂರನೆಯ ಅಂತಸ್ತನ್ನು ವಾಸ್ತುಶಿಲ್ಪಿಗಳು ಬಿಲಿಯರ್ಡ್ಸ್ ಆಟಕ್ಕೆಂದು ಯೋಜಿಸಿದ್ದರೆ, ಮನೆಯವರು ಅದನ್ನು ಸಾಮಾನು ತುಂಬುವ ಅಟ್ಟ ಮಾಡಿಕೊಂಡರು. ಎಷ್ಟೇ ದೊಡ್ಡ ವಾಸ್ತುಶಿಲ್ಪಿಯಾದರೂ ಮನೆಯವರ ಪೆಟ್ಟಿಗೆಗಳ ಮುಂದೆ ಸೋಲಲೇಬೇಕು.

ತಂಪಿಗೆ ತೆತ್ತ ಬೆಲೆ ಕತ್ತಲೆ. ಮಟಮಟ ಮಧ್ಯಾಹ್ನದಲ್ಲೂ ಕೆಳಗಿನ ಕೋಣೆಗಳು ಮಬ್ಬಾಗಿಯೇ ಇರುತ್ತವೆ. ಹೊರಗಿನ ಬಿಸಿಲಿನಿಂದ ಬಂದವರ ಕಣ್ಣು ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ತೇಗದ ಜೇನುಬಣ್ಣ, ಉಜ್ಜಿದ ಮೇಲ್ಮೈಯ ಹೊಳಪು, ಬಣ್ಣದ ಗಾಜಿನ ದೀಪ ಇವೆಲ್ಲ ಸೇರಿ ಮಬ್ಬನ್ನು ಹಿತವಾಗಿಸುತ್ತವೆ ಎಂಬುದು ನಿಜ. ಆದರೆ ಒಂದು ಗಂಟೆ ನೋಡಿ ಹೋಗುವವರಿಗೆ ಹಿತವೆನಿಸುವುದು ಅಲ್ಲೇ ಕೂತು ಪತ್ರಿಕೆ ಓದಬೇಕಾದವರಿಗೆ ಹಾಗೆಯೇ ಅನ್ನಿಸಿತೇ ಎಂಬ ಸಂಶಯ ನನಗೆ ಉಳಿದಿದೆ. 1946ರಿಂದ ಇಲ್ಲಿ ವಾಸವಿದ್ದ, ಗ್ಯಾಂಬಲ್ ದಂಪತಿಯ ಮಗ ಸೆಸಿಲ್ ಮತ್ತು ಸೊಸೆ ಲೂಯಿಸ್ ಒಮ್ಮೆ ಮನೆಯನ್ನು ಮಾರಲು ಯೋಚಿಸಿದ್ದರಂತೆ. ಕೊಳ್ಳಲು ಬಂದವರು ಒಳಗಿನ ಮರಕ್ಕೆಲ್ಲ ಬಿಳಿ ಬಣ್ಣ ಬಳಿಯುವ ಮಾತಾಡಿದ್ದು ಕಿವಿಗೆ ಬಿದ್ದು ಮಾರಾಟವನ್ನೇ ಕೈಬಿಟ್ಟರೆಂಬ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಆ ಗಿರಾಕಿಯನ್ನು ಎಲ್ಲರೂ ನಗೆಪಾಟಲು ಮಾಡುತ್ತಾರಾದರೂ, ಅವರು ಕಂಡ ತೊಂದರೆ ಸುಳ್ಳಲ್ಲ; ಅದಕ್ಕೆ ಹುಡುಕಿದ ಪರಿಹಾರ ಮಾತ್ರ ಭಯಂಕರ. ಮನೆತನದವರು 1966ರಲ್ಲಿ ಮನೆಯನ್ನು, ಅದರ ಮೂಲ ಪೀಠೋಪಕರಣಗಳ ಸಮೇತ, ಪ್ಯಾಸಡೀನ ನಗರಕ್ಕೆ ಒಪ್ಪಿಸಿದರು; ದಕ್ಷಿಣ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ವಿಭಾಗ ಅದರ ಹೊಣೆಯಲ್ಲಿ ಪಾಲು ಹೊತ್ತಿತು. ಆ ವಿಭಾಗದ ಇಬ್ಬರು ವಿದ್ಯಾರ್ಥಿಗಳು ಇದೇ ಮನೆಯಲ್ಲಿ ವರ್ಷವಿಡೀ ವಾಸಿಸುವ ಪದ್ಧತಿ ದಶಕಗಳ ಕಾಲ ನಡೆದು ಬಂದದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ.

ಮನೆ ಮತ್ತು ಸಾಮಾನು ಒಟ್ಟಿಗೇ ಉಳಿದದ್ದು ಎಷ್ಟು ದೊಡ್ಡ ಅದೃಷ್ಟವೆಂಬುದು ಅದೇ ಊರಿನ ಬ್ಲ್ಯಾಕರ್ ಮನೆಯ ಕಥೆ ಕೇಳಿದರೆ ತಿಳಿಯುತ್ತದೆ. 1907ರ ಆ ಮನೆ ಗ್ಯಾಂಬಲ್ ಮನೆಗಿಂತಲೂ ದೊಡ್ಡದು, ಕೆಲವರ ದೃಷ್ಟಿಯಲ್ಲಿ ಅದಕ್ಕಿಂತ ಶ್ರೇಷ್ಠವೂ ಹೌದು. 1985ರಲ್ಲಿ ಅದನ್ನು ಕೊಂಡವರು ಕೆಲವೇ ದಿನಗಳಲ್ಲಿ ಮನೆಗೆಂದೇ ಮಾಡಿದ್ದ ದೀಪಗಳನ್ನೂ ಬಣ್ಣದ ಗಾಜಿನ ಫಲಕಗಳನ್ನೂ ಕಳಚಿ ಮಾರಾಟಕ್ಕೆ ಸಾಗಿಸಿದರು. ಊರಿನವರು ಸಿಡಿದೆದ್ದರು, ಗ್ರೀನ್ ಸೋದರರ ಕಟ್ಟಡಗಳಿಂದ ಇಂಥ ಅಂಗಗಳನ್ನು ಕಳಚದಂತೆ ನಗರಾಡಳಿತ ಕಾನೂನು ಮಾಡಿತು. ಮುಂದಿನ ಮಾಲೀಕರು 1990ರ ದಶಕದಲ್ಲಿ ಅಪಾರ ಶ್ರಮದಿಂದ ಮನೆಯನ್ನು ಮೊದಲಿನ ರೂಪಕ್ಕೆ ತಂದು, ಹೋದ ದೀಪಗಳ ಜಾಗದಲ್ಲಿ ಪ್ರತಿಕೃತಿಗಳನ್ನು ಮಾಡಿಸಿ ಕೂರಿಸಿದರು. ಮೂಲ ದೀಪಗಳು ಮಾತ್ರ ಇಂದಿಗೂ ಸಂಗ್ರಹಾಲಯಗಳಲ್ಲಿ, ಸಂಗ್ರಾಹಕರ ಮನೆಗಳಲ್ಲಿ ಚದುರಿಹೋಗಿವೆ.

ಗ್ರೀನ್ ಸೋದರರ ಬಗ್ಗೆ ಆಡುವ ಮಾತು ಬಹುಪಾಲು ಚಾರ್ಲ್ಸ್ ಸುತ್ತಲೇ ತಿರುಗುತ್ತದೆ ಎಂಬುದು ನನ್ನ ಇನ್ನೊಂದು ಕೊರಗು. ಚಿತ್ರ ಬರೆಯುವವನು, ಕೆತ್ತುವವನು, ಉಳಿ ಕೈಗೆತ್ತಿಕೊಂಡು ಬಡಗಿಗೇ ತಿದ್ದಿ ತೋರಿಸುವವನು ಎಂದ ಕೂಡಲೇ ಕೇಳುವವರ ಕಿವಿ ನೆಟ್ಟಗಾಗುತ್ತದೆ. ಬ್ರಿಟನ್ನಿನ ಕರಕುಶಲ ಚಳವಳಿಯ ಸಿ.ಆರ್. ಆಶ್‌ಬಿ 1909ರಲ್ಲಿ ಪ್ಯಾಸಡೀನಕ್ಕೆ ಬಂದಾಗ ಕೊಂಡಾಡಿದ್ದೂ ಚಾರ್ಲ್ಸ್‌ನನ್ನೇ. ಕಚೇರಿ ನಡೆಸಿದ್ದು, ನಕ್ಷೆಗಳನ್ನು ಕಟ್ಟಬಹುದಾದ ಅಳತೆಗೆ ಇಳಿಸಿದ್ದು, ಲೆಕ್ಕ, ಗುತ್ತಿಗೆ, ವೇಳಾಪಟ್ಟಿ ಎಲ್ಲವನ್ನೂ ಹೊತ್ತದ್ದು ಹೆನ್ರಿ. ಹತ್ತು ತಿಂಗಳಲ್ಲಿ ಇಂಥ ಮನೆ ನಿಲ್ಲಬೇಕಾದರೆ ಯಾರೋ ಒಬ್ಬರು ದಿನವೂ ಕೂತು ಲೆಕ್ಕ ಹಾಕಿರಲೇಬೇಕು. ಗ್ರೀನ್ ಸೋದರರ ಜೊತೆಗೆ ಸ್ವೀಡನ್ ಮೂಲದ ಪೀಟರ್ ಹಾಲ್ ಮತ್ತು ಜಾನ್ ಹಾಲ್ ಎಂಬ ಇನ್ನೊಂದು ಜೋಡಿ ಸೋದರರೂ ಇದ್ದರು. ಪೀಟರ್ ಕಟ್ಟಡದ ಗುತ್ತಿಗೆದಾರ. ಜಾನ್ ಪೀಠೋಪಕರಣದ ಕಾರ್ಯಾಗಾರದ ಜೀವಾಳ. ಉದ್ದನೆಯ ತೂತಿನಲ್ಲಿ ಸ್ಕ್ರೂ ಸರಿದಾಡುವ ಆ ಮೇಜನ್ನು ಕೈಯಾರೆ ಮಾಡಿದವರು ಹಾಲ್ ಸೋದರರ ಕಾರ್ಯಾಗಾರದವರೇ. ಗ್ರೀನ್ ಅಂಡ್ ಗ್ರೀನ್ ಎಂಬ ಕಚೇರಿಯ ಹೆಸರಿನಲ್ಲಿ ಇವರಾರೂ ಕಾಣುವುದಿಲ್ಲ.

ಹೆನ್ರಿ ಎಂಥ ವಾಸ್ತುಶಿಲ್ಪಿ ಎಂಬುದು ಪಾಲುದಾರಿಕೆ ಸಡಿಲವಾದ ಮೇಲೆ ಸ್ಪಷ್ಟವಾಗುತ್ತದೆ. ಥಾರ್ಸನ್ ಮನೆಯ ನಂತರ ದೊಡ್ಡ ಕೆಲಸಗಳು ಕಡಮೆಯಾದವು. ಚಾರ್ಲ್ಸ್ ನಿಧಾನ, ಖರ್ಚು ವಿಪರೀತ ಎಂಬ ಮಾತು ಹಬ್ಬಿತ್ತು. 1915ರ ಸ್ಯಾನ್ ಡಿಯೆಗೊ ಪ್ರದರ್ಶನದ ನಂತರ ದಕ್ಷಿಣ ಕ್ಯಾಲಿಫೋರ್ನಿಯದ ಸಿರಿವಂತರ ಒಲವು ಬಿಳಿ ಗಾರೆ, ಕೆಂಪು ಹೆಂಚಿನ ಸ್ಪ್ಯಾನಿಷ್ ಶೈಲಿಗೆ ಹೊರಳಿತು. 1916ರಲ್ಲಿ ಚಾರ್ಲ್ಸ್ ಸಂಸಾರ ಸಮೇತ ಕಾರ್ಮೆಲ್‌ಗೆ ಹೋಗಿಬಿಟ್ಟ. ಅಲ್ಲಿ ಕಡಲಬಂಡೆಯ ಮೇಲೆ ಡಿ.ಎಲ್. ಜೇಮ್ಸ್ ಅವರಿಗಾಗಿ ಕಲ್ಲಿನಲ್ಲೇ ಕಟ್ಟಿದ ಮನೆ ಅವನ ಪ್ರತಿಭೆಗೆ ಸಾಕ್ಷಿ. 1922ರಲ್ಲಿ ಪಾಲುದಾರಿಕೆ ಅಧಿಕೃತವಾಗಿ ಮುಗಿಯಿತು. ಪ್ಯಾಸಡೀನದಲ್ಲೇ ಉಳಿದ ಹೆನ್ರಿ 1929ರಲ್ಲಿ ಪೋರ್ಟರ್‌ವಿಲ್ ಬಳಿ ವಾಲ್ಟರ್ ರಿಚರ್ಡ್‌ಸನ್ ಅವರಿಗೆ ಅಲ್ಲಿಯ ಮಣ್ಣಿನಿಂದಲೇ ಮಾಡಿದ ಹಸಿ ಇಟ್ಟಿಗೆಯ ಮನೆ ಕಟ್ಟಿಕೊಟ್ಟ. ಎಬೊನಿಯಿಲ್ಲ, ಬಣ್ಣದ ಗಾಜಿಲ್ಲ. ಅಳತೆ, ನೆರಳು, ಮರದ ತೊಲೆ ಇಷ್ಟರಿಂದಲೇ ಕೆಲಸ ಮುಗಿಸಿದ್ದಾನೆ. ಸೋದರರು ಬಹುಮಟ್ಟಿಗೆ ಮರೆತೇಹೋಗಿದ್ದ ಕಾಲದಲ್ಲಿ, 1940ರ ದಶಕದಲ್ಲಿ, ಜೀನ್ ಮರ್ರೆ ಬ್ಯಾಂಗ್ಸ್ ಎಂಬ ಸಂಶೋಧಕಿ ಅವರ ನಕ್ಷೆಗಳನ್ನು ಹುಡುಕಿ ಬೆಳಕಿಗೆ ತಂದರು. 1952ರಲ್ಲಿ ಅಮೆರಿಕದ ವಾಸ್ತುಶಿಲ್ಪಿಗಳ ಸಂಸ್ಥೆ ಇಬ್ಬರನ್ನೂ ಗೌರವಿಸಿದಾಗ ಹೆನ್ರಿಗೆ 82 ವರ್ಷ. ಅವನು 1954ರಲ್ಲಿ, ಚಾರ್ಲ್ಸ್ 1957ರಲ್ಲಿ ತೀರಿಕೊಂಡರು.

ಮನೆಯೊಳಗಿನ ವೀಕ್ಷಣೆ ಮುಗಿದ ಕೂಡಲೇ ಕಾರು ಹತ್ತಿ ಹೊರಡಬೇಡಿ. ಪಕ್ಕದಲ್ಲೇ 1906ರ ಕೋಲ್ ಮನೆಯಿದೆ; ಅದೀಗ ಒಂದು ಚರ್ಚಿನ ಭಾಗ. ಅಲ್ಲಿಂದ ಆರೊಯೊ ಟೆರೇಸ್ ಮತ್ತು ಗ್ರ್ಯಾಂಡ್ ಅವೆನ್ಯೂ ಕಡೆಗೆ ನಡೆದರೆ ಚಾರ್ಲ್ಸ್ ತನಗಾಗಿ ಕಟ್ಟಿಕೊಂಡ ಮನೆ, ಜೇಮ್ಸ್ ಕಲ್ಬರ್ಟ್‌ಸನ್ ಅವರ 1902ರ ಮನೆ, 1906ರಲ್ಲಿ ದೊಡ್ಡದಾಗಿ ಬೆಳೆದ ಇರ್ವಿನ್ ಮನೆ ಇವೆಲ್ಲ ರಸ್ತೆಯಿಂದಲೇ ಕಾಣಿಸುತ್ತವೆ. ಜನ ವಾಸಿಸುವ ಮನೆಗಳಾದ್ದರಿಂದ ರಸ್ತೆಯಲ್ಲೇ ನಿಂತು ನೋಡಬೇಕು, ಅಂಗಳಕ್ಕೆ ಕಾಲಿಡಬಾರದು. ಈ ನಡಿಗೆಯ ಲಾಭವೆಂದರೆ, ಒಂದೇ ಕಚೇರಿ ಏಳೆಂಟು ವರ್ಷಗಳಲ್ಲಿ ತನ್ನ ಭಾಷೆಯನ್ನು ಹೇಗೆ ಕಂಡುಕೊಂಡಿತು ಎಂಬುದು ಕಾಲಿನ ಅಳತೆಗೇ ಸಿಗುತ್ತದೆ. ಮೊದಲಿನ ಮನೆಗಳಲ್ಲಿ ಸೂರು ಅಂಜುತ್ತಂಜುತ್ತ ಮುಂದೆ ಬಂದಿದೆ, ನಂತರದವುಗಳಲ್ಲಿ ಧೈರ್ಯವಾಗಿ ಚಾಚಿದೆ. ಗುಂಡುಕಲ್ಲು, ಕ್ಲಿಂಕರ್ ಇಟ್ಟಿಗೆ ಬೆರೆಸಿ ಕಟ್ಟಿದ ಗೋಡೆಗಳು ಈ ಬೀದಿಗಳಲ್ಲಿ ಕೈಗೆ ಎಟಕುವಷ್ಟು ಹತ್ತಿರ ಸಿಗುತ್ತವೆ. 1903ರಲ್ಲಿ ಅಂಗಳದ ಸುತ್ತ ಮೂರು ಕಡೆ ಕೋಣೆಗಳನ್ನಿಟ್ಟು ಕಟ್ಟಿದ ಬಂದೀನಿ ಮನೆಯನ್ನು ಮಾತ್ರ ನೋಡುವ ಯೋಗವಿಲ್ಲ. ಅದನ್ನು ಕೆಡವಿ ಬಹಳ ಕಾಲವಾಯಿತು.

ಇನ್ನು ವ್ಯವಹಾರದ ಮಾತು. ಟಿಕೆಟ್ಟನ್ನು ಮುಂಗಡವಾಗಿ ಕೊಳ್ಳುವುದು ಕ್ಷೇಮ, ವಾರಾಂತ್ಯದಲ್ಲಂತೂ ಅಗತ್ಯ. ಒಳಗೆ ಯಾವುದನ್ನೂ ಮುಟ್ಟುವಂತಿಲ್ಲ, ಯಾವ ಕುರ್ಚಿಯಲ್ಲೂ ಕೂರುವಂತಿಲ್ಲ. ಹಿಮ್ಮಡಿ ಚೂಪಾದ ಚಪ್ಪಲಿ ಹಾಕಿಕೊಂಡು ಹೋಗದಿರುವುದು ಮರದ ನೆಲಕ್ಕೆ ನಾವು ತೋರುವ ಮರ್ಯಾದೆ. ಒಂದು ಗಂಟೆ ಮರಗೆಲಸ ತಿಳಿದವರಿಗೆ ಖಂಡಿತ ಸಾಲದು; ಮರದ ಸಂದುಗಳನ್ನೂ ಪೀಠೋಪಕರಣಗಳನ್ನೂ ಮುಖ್ಯವಾಗಿ ವಿವರಿಸುವ ವಿಶೇಷ ವೀಕ್ಷಣೆಗಳು ಆಗಾಗ ಇರುತ್ತವೆ, ಅವರು ಅದನ್ನೇ ಆರಿಸಿಕೊಳ್ಳಲಿ. ಚಿಕ್ಕ ಮಕ್ಕಳಿಗೆ ಇದು ಬೇಸರದ ಜಾಗ. ಹಿಂದೆ ಕಾರು ನಿಲ್ಲಿಸುತ್ತಿದ್ದ ಗ್ಯಾರೇಜಿನಲ್ಲಿ ಪುಸ್ತಕದಂಗಡಿಯಿದೆ. ಗ್ರೀನ್ ಸೋದರರ ನಕ್ಷೆ, ಮರಗೆಲಸಗಳ ಪುಸ್ತಕಗಳು ಇಷ್ಟು ಒಟ್ಟಿಗೆ ಬೇರೆಡೆ ಸಿಗುವುದು ಕಷ್ಟ. ರೈಲಿನಲ್ಲಿ ಬರುವವರು ಮೆಮೋರಿಯಲ್ ಪಾರ್ಕ್ ನಿಲ್ದಾಣದಲ್ಲಿ ಇಳಿದು ಪಶ್ಚಿಮಕ್ಕೆ ನಡೆದುಕೊಂಡೇ ಬರಬಹುದು.

ಅರ್ಧ ದಿನ ಹೆಚ್ಚಿಗೆ ಇದ್ದವರು ಪಕ್ಕದ ಸ್ಯಾನ್ ಮರೀನೊದ ಹಂಟಿಂಗ್ಟನ್ ಗ್ರಂಥಾಲಯದ ಕಲಾ ಗ್ಯಾಲರಿಗೂ ಹೋಗಿ ಬರಬೇಕು. ಗ್ರೀನ್ ಸೋದರರೇ ವಿನ್ಯಾಸ ಮಾಡಿದ ರಾಬಿನ್‌ಸನ್ ಮನೆಯ ಊಟದ ಕೋಣೆಯನ್ನು ಅಲ್ಲಿ ಮರಳಿ ಜೋಡಿಸಿಟ್ಟಿದ್ದಾರೆ. ಮೇಜಿನ ಮೇಲೆ ತೂಗುವ ದೀಪವನ್ನು ತೂಕದ ಗುಂಡುಗಳ ನೆರವಿನಿಂದ ಮೇಲೆ ಕೆಳಗೆ ಸರಿಸುವ ಏರ್ಪಾಟು, ಗ್ಯಾಂಬಲ್ ಮನೆಯಲ್ಲಿ ಗುಂಪಿನ ಜೊತೆ ಸಾಗುತ್ತಾ ನೋಡಲಾಗದ ಪೀಠೋಪಕರಣದ ವಿವರಗಳು, ಇಲ್ಲಿ ಬೇಕಾದಷ್ಟು ಹೊತ್ತು ನಿಂತು ನೋಡಲು ಸಿಗುತ್ತವೆ. ಮಂಗಳವಾರ ಮಾತ್ರ ಹಂಟಿಂಗ್ಟನ್‌ಗೆ ರಜೆ.